ಕ್ಯಾನ್ಸರ್ ಕೋಶಗಳ ಯಾಂತ್ರಿಕ ಗುಣಗಳು ಮತ್ತು ಆಕ್ರಮಣಶೀಲತೆ

ಕ್ಯಾನ್ಸರ್ ಕೋಶವು ತಾನು ಹುಟ್ಟಿದ ಅಂಗಾಂಶದ ಎಲ್ಲೆ ದಾಟಿ ಸುತ್ತಲಿನ ಜಾಗಕ್ಕೆ ನುಗ್ಗುವ ಸಾಮರ್ಥ್ಯವನ್ನು ಆಕ್ರಮಣಶೀಲತೆ ಎನ್ನುತ್ತಾರೆ. ನುಗ್ಗುವುದು ಮೂಲತಃ ಒಂದು ಭೌತಿಕ ಕೆಲಸ. ಕೋಶ ತನ್ನ ಆಕಾರ ಬದಲಿಸಬೇಕು, ಎದುರಿಗಿರುವ ನಾರುಗಳನ್ನು ಹಿಡಿದು ಎಳೆಯಬೇಕು, ತನಗಿಂತ ಕಿರಿದಾದ ಸಂದುಗಳಲ್ಲಿ ಮೈ ತೂರಿಸಬೇಕು. ಹಾಗಾಗಿ ಅದು ಎಷ್ಟು ದೂರ ಹೋಗಬಲ್ಲುದು ಎಂಬುದು ಅದರ ಗಡಸುತನ, ಸ್ಥಿತಿಸ್ಥಾಪಕತ್ವ, ಸ್ನಿಗ್ಧತೆ, ಅಂಟುವ ಶಕ್ತಿ ಮತ್ತು ಎಳೆಯುವ ಬಲಗಳನ್ನೂ ಅವಲಂಬಿಸಿದೆ. ಕ್ಯಾನ್ಸರಿನಿಂದ ಸಾಯುವವರಲ್ಲಿ ಬಹುಪಾಲು ಮಂದಿಯ ಜೀವ ತೆಗೆಯುವುದು ಮೊದಲ ಗಡ್ಡೆಯಲ್ಲ, ಅಲ್ಲಿಂದ ಹೊರಟು ಶ್ವಾಸಕೋಶ, ಯಕೃತ್ತು, ಮೂಳೆ, ಮಿದುಳುಗಳಲ್ಲಿ ನೆಲೆಯೂರಿದ ಕೋಶಗಳು. ಆದ್ದರಿಂದ ಈ ಕೋಶಗಳು ಹೇಗೆ ಚಲಿಸುತ್ತವೆ ಎಂಬ ಪ್ರಶ್ನೆ ವೈದ್ಯಶಾಸ್ತ್ರದ ತೀರಾ ತುರ್ತಿನ ಪ್ರಶ್ನೆಗಳಲ್ಲಿ ಒಂದು.

ಈ ಹರಡುವಿಕೆಯ ಬಗ್ಗೆ ಎರಡು ಹಳೆಯ ವಾದಗಳಿವೆ. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ಸತ್ತ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ನೋಡಿ, ಕ್ಯಾನ್ಸರ್ ಕೋಶಗಳು ತಮಗೆ ಒಗ್ಗುವ ಅಂಗದಲ್ಲಷ್ಟೇ ಬೇರೂರುತ್ತವೆ ಎಂದರು. ಬೀಜ ಮತ್ತು ಮಣ್ಣಿನ ವಾದವೆಂದು ಇದು ಪ್ರಸಿದ್ಧವಾಯಿತು. ಅಮೆರಿಕದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್ 1928ರಲ್ಲಿ ಇದನ್ನು ಒಪ್ಪದೆ, ರಕ್ತ ಹರಿಯುವ ದಾರಿ ಮತ್ತು ಕೋಶಗಳು ಸಿಕ್ಕಿಕೊಳ್ಳುವ ನಾಳಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ ಎಂದರು. ಒಬ್ಬರು ಜೀವರಸಾಯನದ ಕಡೆ, ಇನ್ನೊಬ್ಬರು ಯಂತ್ರಶಾಸ್ತ್ರದ ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆಯೆಂದು ಈಗ ಒಪ್ಪಿಕೊಳ್ಳಲಾಗಿದೆ. ಆದರೆ ಒಂದೊಂದೇ ಕೋಶವನ್ನು ಮುಟ್ಟಿ ಅದರ ಗಡಸುತನ ಅಳೆಯುವ ಉಪಕರಣ ಇಬ್ಬರ ಕಾಲದಲ್ಲೂ ಇರಲಿಲ್ಲ.

ಅಳತೆ

ಗಡಸುತನವನ್ನು ಪ್ಯಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಮೂಳೆಯದು ನೂರಾರು ಕೋಟಿ ಪ್ಯಾಸ್ಕಲ್‌ಗಳಲ್ಲಿದ್ದರೆ ಜೀವಕೋಶದ್ದು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ. ಇಷ್ಟು ಮೆದುವಾದ, ಇಷ್ಟು ಚಿಕ್ಕದಾದ ವಸ್ತುವನ್ನು ಒತ್ತಿ ನೋಡುವುದು ಸುಲಭವಲ್ಲ. ಗೆರ್ಡ್ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ 1986ರಲ್ಲಿ ರೂಪಿಸಿದ ಪರಮಾಣು ಬಲ ಸೂಕ್ಷ್ಮದರ್ಶಕ ಇದಕ್ಕೆ ದಾರಿ ಮಾಡಿತು. ಕೂದಲಿಗಿಂತ ತೆಳುವಾದ ಪಟ್ಟಿಯೊಂದರ ತುದಿಯಲ್ಲಿ ಮೊನೆ ಇರುತ್ತದೆ. ಆ ಮೊನೆ ಕೋಶದ ಮೇಲೆ ನಿಧಾನವಾಗಿ ಇಳಿದು ಒತ್ತುವಾಗ ಪಟ್ಟಿ ಬಾಗುತ್ತದೆ. ಪಟ್ಟಿಯ ಬೆನ್ನಿಗೆ ಬಿದ್ದು ಪ್ರತಿಫಲಿಸುವ ಲೇಸರ್ ಕಿರಣ ಎಷ್ಟು ಸರಿಯಿತೆಂದು ನೋಡಿದರೆ ಬಾಗಿದ್ದೆಷ್ಟು, ಕೋಶ ತಗ್ಗಿದ್ದೆಷ್ಟು ಎಂಬ ಲೆಕ್ಕ ಸಿಗುತ್ತದೆ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಮಾಲ್ಗೊಜಾತಾ ಲೆಕ್ಕಾ ಮತ್ತು ಸಂಗಡಿಗರು ಮೂತ್ರಕೋಶದ ಕೋಶಗಳನ್ನು ಹೀಗೆ ಅಳೆದು, ಕ್ಯಾನ್ಸರ್ ತಗಲಿದವು ಆರೋಗ್ಯವಂತ ಕೋಶಗಳಿಗಿಂತ ಬಹಳ ಮೆದು ಎಂದು 1999ರಲ್ಲಿ ತೋರಿಸಿದರು.

ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮಾತಾಯಿತು. ರೋಗಿಯ ಮೈಯಿಂದ ತೆಗೆದ ಕೋಶಗಳಲ್ಲೂ ಹೀಗೇ ಇದೆಯೇ? ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2007ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಕ್ಯಾನ್ಸರ್ ಹರಡಿದೆಯೆಂಬ ಶಂಕೆಯಿದ್ದ ರೋಗಿಗಳ ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ಸೂಜಿಯಿಂದ ತೆಗೆದು, ಅದರಲ್ಲಿದ್ದ ಕೋಶಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಆ ನೀರಿನಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಶ್ವಾಸಕೋಶದ ಹೊದಿಕೆಯಿಂದ ಕಳಚಿದ ಸಹಜ ಕೋಶಗಳೂ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತರಹ ಕಂಡು ರೋಗಶಾಸ್ತ್ರಜ್ಞರನ್ನು ಗೊಂದಲಕ್ಕೆ ಕೆಡಹುವುದುಂಟು. ಒತ್ತಿದಾಗ ಮಾತ್ರ ವ್ಯತ್ಯಾಸ ಎದ್ದು ಕಂಡಿತು: ಸಹಜ ಕೋಶಗಳ ಗಡಸುತನ ಸರಾಸರಿ 2 ಕಿಲೋಪ್ಯಾಸ್ಕಲ್‌ಗೆ ಹತ್ತಿರ, ಕ್ಯಾನ್ಸರ್ ಕೋಶಗಳದ್ದು ಅರ್ಧ ಕಿಲೋಪ್ಯಾಸ್ಕಲ್‌ನ ಆಸುಪಾಸು. ಅಂದರೆ ಶೇ. 70ಕ್ಕಿಂತ ಹೆಚ್ಚು ಮೆದು. ಮೂಲ ಕ್ಯಾನ್ಸರ್ ಶ್ವಾಸಕೋಶದ್ದಾಗಿರಲಿ, ಸ್ತನದ್ದಾಗಿರಲಿ, ಮೇದೋಜೀರಕ ಗ್ರಂಥಿಯದ್ದಾಗಿರಲಿ, ಈ ಮೆದುತನ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ಜರ್ಮನಿಯ ಯೋಖೆನ್ ಗುಕ್ ಮತ್ತು ಯೋಸೆಫ್ ಕೆಸ್ ಮುಟ್ಟದೆಯೇ ಅಳೆಯುವ ವಿಧಾನ ಕಂಡುಕೊಂಡರು. ಎದುರುಬದುರಾದ ಎರಡು ಲೇಸರ್ ಕಿರಣಗಳ ನಡುವೆ ಕೋಶವನ್ನು ತೇಲಿಸಿ ಹಿಗ್ಗಿಸುವ ಈ ಕ್ರಮದಲ್ಲೂ ಸ್ತನದ ಕ್ಯಾನ್ಸರ್ ಕೋಶಗಳು ಸಹಜ ಕೋಶಗಳಿಗಿಂತ ಹೆಚ್ಚು ಹಿಗ್ಗಿದವು, ಆಕ್ರಮಣಶೀಲವಾಗುವಂತೆ ಮಾಡಿದ ಕೋಶಗಳು ಅವಕ್ಕಿಂತಲೂ ಹೆಚ್ಚು. ಕಿರಿದಾದ ಕಾಲುವೆಯಲ್ಲಿ ದ್ರವದ ಜೊತೆ ಕೋಶಗಳನ್ನು ವೇಗವಾಗಿ ಹರಿಸಿ, ಅವು ಹಿಸುಕಿಕೊಳ್ಳುವ ಚಿತ್ರ ತೆಗೆದು ಸಾವಿರಾರು ಕೋಶಗಳನ್ನು ಕೆಲವೇ ನಿಮಿಷಗಳಲ್ಲಿ ಅಳೆಯುವ ಯಂತ್ರಗಳೂ ಈಗ ಬಂದಿವೆ.

ಮೆದುವಾಗುವುದು ಹೇಗೆ

ಕೋಶಕ್ಕೆ ಆಕಾರ ಕೊಡುವುದು ಅದರ ಒಳಹಂದರ. ಆಕ್ಟಿನ್ ಎಳೆಗಳು ಪೊರೆಯ ಕೆಳಗೆ ಹೆಣೆದುಕೊಂಡು ತೊಗಲಿನಂಥ ಪದರವಾಗುತ್ತವೆ. ಮಯೋಸಿನ್ ಎಂಬ ಪ್ರೋಟೀನ್ ಆ ಎಳೆಗಳನ್ನು ಜಗ್ಗಿ ಬಿಗಿ ಕೊಡುತ್ತದೆ. ಕೆರಟಿನ್ ಮತ್ತು ವಿಮೆಂಟಿನ್ ಎಂಬ ಮಧ್ಯಮ ಗಾತ್ರದ ನಾರುಗಳು ಹೆಚ್ಚು ಎಳೆದಾಗ ಹರಿಯದಂತೆ ಕಾಯುತ್ತವೆ. ಹೊದಿಕೆ ಅಂಗಾಂಶದ ಕೋಶ ಆಕ್ರಮಣಕ್ಕೆ ಅಣಿಯಾಗುವಾಗ ಈ ಹಂದರದ ಕಟ್ಟಡವೇ ಬದಲಾಗುತ್ತದೆ: ಪಕ್ಕದ ಕೋಶಕ್ಕೆ ಬೆಸೆದಿದ್ದ ಇ-ಕ್ಯಾಡ್‌ಹೆರಿನ್ ಕಡಿಮೆಯಾಗುತ್ತದೆ, ಕೆರಟಿನ್ ಇಳಿದು ವಿಮೆಂಟಿನ್ ಏರುತ್ತದೆ. ಕೆರಟಿನ್ನನ್ನು ಪೂರ್ತಿಯಾಗಿ ತೆಗೆದುಹಾಕಿದ ಚರ್ಮಕೋಶಗಳು ಮೆದುವಾಗಿ, ನುಗ್ಗುವುದರಲ್ಲಿ ಚುರುಕಾಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ.

ಇಷ್ಟರಿಂದಲೇ ಮೆದು ಕೋಶವೆಂದರೆ ಅಪಾಯಕಾರಿ ಕೋಶ ಎಂದುಬಿಡುವುದು ಅವಸರದ ಮಾತು. ನುಗ್ಗಲು ಮೆದುತನ ಬೇಕು, ಜೊತೆಗೆ ಬಲವೂ ಬೇಕು. ಸ್ತನ, ಪ್ರಾಸ್ಟೇಟ್ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು ಮೆತ್ತನೆಯ ಜೆಲ್ ಮೇಲೆ ಬಿಟ್ಟು, ಅವು ಜೆಲ್ಲನ್ನು ಎಳೆಯುವ ಬಲ ಅಳೆದಾಗ, ಹರಡುವ ಸ್ವಭಾವದವು ಹರಡದವುಗಳಿಗಿಂತ ಹೆಚ್ಚು ಜೋರಾಗಿ ಎಳೆದವು. ಎಳೆಯುವಾಗ ಕೋಶ ಬಿಗಿಯಾಗುತ್ತದೆ, ಸಂದಿನಲ್ಲಿ ತೂರುವಾಗ ಸಡಿಲವಾಗುತ್ತದೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಅಧ್ಯಯನಗಳಲ್ಲೂ ಹರಡುವ ಗುಣಕ್ಕೆ ಹತ್ತಿರವಾಗಿ ಕಂಡದ್ದು ಗಡಸುತನವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಶಕ್ತಿ. ಕೋಶದ ಅಪಾಯವನ್ನು ಈ ಹೊಂದಿಕೊಳ್ಳುವಿಕೆಯಲ್ಲಿ ಹುಡುಕುವುದೇ ಸರಿಯಾದ ಹಾದಿ. ಒಂದು ಸಲ ಅಳೆದು ಬರೆದಿಟ್ಟ ಪ್ಯಾಸ್ಕಲ್ ಸಂಖ್ಯೆ ಆ ಶಕ್ತಿಯನ್ನು ಹಿಡಿಯಲಾರದು.

ಗಟ್ಟಿ ಗಡ್ಡೆ, ಮೆದು ಕೋಶ

ಕೋಶಗಳು ಮೆದುವಾದರೆ ಸ್ತನದ ಗಡ್ಡೆ ಕೈಗೆ ಕಲ್ಲಿನಂತೆ ಗಟ್ಟಿಯಾಗಿ ಸಿಗುವುದೇಕೆ? ಗಟ್ಟಿಯಾಗಿರುವುದು ಮುಖ್ಯವಾಗಿ ಕೋಶಗಳ ಸುತ್ತಲಿನ ನಾರಿನ ಜಾಲ. ಇಲಿಗಳ ಸ್ತನಗ್ರಂಥಿಯಲ್ಲಿ ಅಳೆದಾಗ ಆರೋಗ್ಯವಂತ ಅಂಗಾಂಶ 170 ಪ್ಯಾಸ್ಕಲ್‌ನಷ್ಟಿದ್ದರೆ ಗಡ್ಡೆ 4,000 ಪ್ಯಾಸ್ಕಲ್ ದಾಟಿತ್ತು. ವ್ಯಾಲೆರಿ ವೀವರ್ ಅವರ ತಂಡ 2005 ಮತ್ತು 2009ರಲ್ಲಿ ಪ್ರಕಟಿಸಿದ ಕೆಲಸಗಳು ಇದರ ಒಳಗುಟ್ಟು ಬಿಡಿಸಿದವು. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಹೊಲಿದು ಜಾಲವನ್ನು ಬಿಗಿಗೊಳಿಸುತ್ತದೆ. ಕೋಶದ ಮೇಲ್ಮೈಯ ಇಂಟೆಗ್ರಿನ್‌ಗಳು ಆ ಬಿಗಿಯನ್ನು ಗ್ರಹಿಸಿ ಒಂದೆಡೆ ಗುಂಪುಗೂಡುತ್ತವೆ. ಒಳಗಿನ ಮಯೋಸಿನ್ ಇನ್ನಷ್ಟು ಜಗ್ಗುತ್ತದೆ, ಹೊರಗಿನ ಜಾಲ ಇನ್ನಷ್ಟು ಬಿಗಿಯುತ್ತದೆ. ಹೀಗೆ ಒಂದು ಇನ್ನೊಂದನ್ನು ಹೆಚ್ಚಿಸುತ್ತಾ ಹೋಗುವ ಸುಳಿ ಅದು. ಇಟಲಿಯ ಪಾದುವಾದಲ್ಲಿ ಸ್ಟೆಫಾನೊ ಪಿಕೊಲೊ ಅವರ ತಂಡ 2011ರಲ್ಲಿ ಮತ್ತೊಂದು ಕೊಂಡಿ ಜೋಡಿಸಿತು. ಗಟ್ಟಿ ನೆಲದ ಮೇಲೆ ಕೂತ ಕೋಶದಲ್ಲಿ ಯಾಪ್ ಮತ್ತು ಟಾಜ್ ಎಂಬ ಪ್ರೋಟೀನ್‌ಗಳು ಕೋಶಕೇಂದ್ರಕ್ಕೆ ಹೋಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತವೆ, ಮೆದು ನೆಲದ ಮೇಲೆ ಹೊರಗೇ ಉಳಿಯುತ್ತವೆ.

ನಾರುಗಳ ದಿಕ್ಕೂ ಮುಖ್ಯ. ವಿಸ್ಕಾನ್ಸಿನ್‌ನಲ್ಲಿ ಪೆಟ್ರೀಷಿಯಾ ಕೀಲಿ ಮತ್ತು ಸಂಗಡಿಗರು ಗಡ್ಡೆಯ ಅಂಚಿನ ಕೊಲಾಜೆನ್ ಎಳೆಗಳನ್ನು ನೋಡಿದಾಗ, ಮೊದಮೊದಲು ಗಡ್ಡೆಯನ್ನು ಸುತ್ತುವರಿದಿದ್ದ ಎಳೆಗಳು ಆಮೇಲೆ ಅಂಚಿಗೆ ಲಂಬವಾಗಿ ಹೊರಮುಖ ಮಾಡಿ ನಿಂತಿದ್ದವು. ಕೋಶಗಳು ಆ ಎಳೆಗಳ ಗುಂಟವೇ ಹೊರಬೀಳುತ್ತವೆ. ಇಂಥ ಲಂಬ ಎಳೆಗಳು ಕಂಡ ಸ್ತನ ಕ್ಯಾನ್ಸರ್ ರೋಗಿಗಳು ಬದುಕುಳಿಯುವ ಅವಕಾಶ ಕಡಿಮೆ ಎಂಬುದೂ ಮುಂದೆ ತಿಳಿಯಿತು.

ಸುತ್ತಲಿನ ಅಂಗಾಂಶ ಗಟ್ಟಿಯಾಗಿ, ಆಮೇಲೆ ಕ್ಯಾನ್ಸರ್ ಹುಟ್ಟುವುದಕ್ಕೆ ಭಾರತದಲ್ಲಿ ಕಣ್ಣೆದುರಿನ ಉದಾಹರಣೆಯಿದೆ. ಅಡಿಕೆ, ಗುಟ್ಕಾ, ಪಾನ್ ಮಸಾಲ ಜಗಿಯುವವರಲ್ಲಿ ಬಾಯಿಯ ಒಳಪದರ ಬೆಳ್ಳಗಾಗಿ ನಾರುಗಟ್ಟುವ ರೋಗ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೀನ್ಯಾದಲ್ಲಿದ್ದ ಭಾರತೀಯ ಮಹಿಳೆಯರಲ್ಲಿ ಇದನ್ನು 1952ರಲ್ಲಿ ಮೊದಲು ವರ್ಣಿಸಲಾಯಿತು. ಆರಂಭದಲ್ಲಿ ಖಾರ ತಿಂದರೆ ಬಾಯಿ ಉರಿ. ನಂತರ ದಂತವೈದ್ಯರು ಕೆನ್ನೆಯ ಒಳಗೆ ಬೆರಳಾಡಿಸಿದರೆ ಹಗ್ಗದಂಥ ಗಟ್ಟಿ ಪಟ್ಟಿಗಳು ತಾಕುತ್ತವೆ. ಸಹಜವಾಗಿ ತನ್ನದೇ ಮೂರು ಬೆರಳನ್ನು ಉದ್ದಕ್ಕೆ ಬಾಯೊಳಗೆ ಇಡಬಲ್ಲವನಿಗೆ ಎರಡು, ಕೊನೆಗೆ ಒಂದು ಬೆರಳೂ ಹಿಡಿಸದಾಗುತ್ತದೆ. ಅಡಿಕೆಯ ಅರೆಕೋಲಿನ್ ಕೊಲಾಜೆನ್ ತಯಾರಿಯನ್ನು ಹೆಚ್ಚಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಮೇಲೆ ಹೇಳಿದ ಲೈಸಿಲ್ ಆಕ್ಸಿಡೇಸ್ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿ ನೋಡಿದಾಗ ಶೇ. 7.6ರಷ್ಟು ಮಂದಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು. ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಈ ಮಾತು ತೋಟಗಾರನ ಹೊಟ್ಟೆಪಾಡಿಗೂ ತಾಗುವುದರಿಂದ ಚರ್ಚೆ ಬೇಗ ಬಿಸಿಯಾಗುತ್ತದೆ. ಆದರೂ ಕೆನ್ನೆಯೊಳಗಿನ ಆ ಪಟ್ಟಿಗಳ ವಿಚಾರದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಯಕೃತ್ತಿನಲ್ಲೂ ಹೀಗೆಯೇ: ಅಲ್ಲಿ ಹುಟ್ಟುವ ಕ್ಯಾನ್ಸರಿನ ಬಹುಪಾಲು ಸಿರೋಸಿಸ್ ಬಂದು ಗಟ್ಟಿಯಾದ ಯಕೃತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ.

ದಾರಿ ಮಾಡಿಕೊಳ್ಳುವ ಬಗೆಗಳು

ಜಾಲದ ನಡುವೆ ಹೋಗಲು ಕೋಶಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಕೆಲವು ಉದ್ದಕ್ಕೆ ಚಾಚಿಕೊಂಡು, ಮೆಟಲೋಪ್ರೋಟಿನೇಸ್ ಕಿಣ್ವಗಳಿಂದ ಕೊಲಾಜೆನ್ ಕತ್ತರಿಸುತ್ತಾ ಸಾಗುತ್ತವೆ. ಕೆಲವು ಅಮೀಬಾದಂತೆ ದುಂಡಾಗಿ, ಪೊರೆಯಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತಾ, ಏನನ್ನೂ ಕತ್ತರಿಸದೆ ಸಂದುಗಳಲ್ಲಿ ಜಾರಿಕೊಳ್ಳುತ್ತವೆ. ಹಲವು ಗಡ್ಡೆಗಳಲ್ಲಿ ಕೋಶಗಳು ಒಂದನ್ನೊಂದು ಬಿಡದೆ ಗುಂಪಾಗಿಯೇ ನುಗ್ಗುತ್ತವೆ. 1990ರ ದಶಕದಲ್ಲಿ ಮಾರಿಮಾಸ್ಟಾಟ್ ಮುಂತಾದ ಔಷಧಗಳಿಂದ ಕತ್ತರಿಸುವ ಕಿಣ್ವಗಳನ್ನು ತಡೆದರೆ ಕ್ಯಾನ್ಸರ್ ನಿಲ್ಲುತ್ತದೆಂಬ ದೊಡ್ಡ ಆಸೆ ಇತ್ತು. ಆ ಔಷಧಗಳು ರೋಗಿಗಳ ಆಯುಷ್ಯ ಹೆಚ್ಚಿಸಲಿಲ್ಲ, ಕೀಲುನೋವು ಮಾತ್ರ ತಂದವು. ಈ ಸೋಲಿಗೆ ಕಾರಣ ಹಲವು. ಒಂದು ಕಾರಣವನ್ನು ಪೀಟರ್ ಫ್ರೀಡಲ್ ಅವರ ತಂಡ 2003ರಲ್ಲಿ ಬೆಳಕಿಗೆ ತಂದಿತು: ಕತ್ತರಿ ಕಿತ್ತುಕೊಂಡರೆ ಕೋಶಗಳು ಅಮೀಬಾ ನಡಿಗೆಗೆ ಬದಲಾಗಿ ಮುಂದುವರಿಯುತ್ತವೆ.

ಹಾಗೆ ಹಿಸುಕಿಕೊಂಡು ಹೋಗುವುದಕ್ಕೂ ಒಂದು ಮಿತಿಯಿದೆ, ಆ ಮಿತಿ ಕೋಶಕೇಂದ್ರ. ಉಂಗುರ ತೊಡುವಾಗ ಬೆರಳೆಲ್ಲ ಸಲೀಸಾಗಿ ಹೋಗಿ ಗೆಣ್ಣಿನ ಹತ್ತಿರ ಸಿಕ್ಕಿಬೀಳುವ ಹಾಗೆ, ಕೋಶದ ಉಳಿದ ಭಾಗವೆಲ್ಲ ಸಂದಿನಲ್ಲಿ ಹರಿದುಹೋದರೂ ಕೋಶಕೇಂದ್ರ ತಡೆಯುತ್ತದೆ. ಅದು ಕೋಶದ್ರವ್ಯಕ್ಕಿಂತ ಹಲವು ಪಟ್ಟು ಗಡಸು. ಫ್ರೀಡಲ್ ಅವರ ತಂಡ 2013ರಲ್ಲಿ ತೋರಿಸಿದಂತೆ, ಕತ್ತರಿಸುವ ಕಿಣ್ವ ಇಲ್ಲದಿದ್ದಾಗ ರಂಧ್ರದ ವಿಸ್ತೀರ್ಣ ಕೋಶಕೇಂದ್ರದ ಅಡ್ಡಕೊಯ್ತದ ಶೇ. 10ಕ್ಕೆ, ಅಂದರೆ ಗಡ್ಡೆಕೋಶಗಳಿಗೆ ಸುಮಾರು 7 ಚದರ ಮೈಕ್ರೊಮೀಟರಿಗೆ ಇಳಿದರೆ ಚಲನೆ ನಿಂತೇಹೋಗುತ್ತದೆ. ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್‌ಗೆ 2 ಚದರ ಮೈಕ್ರೊಮೀಟರ್ ಸಾಕು.

ಈ ಗಡಸುತನವನ್ನು ಹೆಚ್ಚಾಗಿ ನಿರ್ಧರಿಸುವುದು ಕೋಶಕೇಂದ್ರದ ಗೋಡೆಗೆ ಒಳಗಿನಿಂದ ಆಸರೆಯಾಗಿರುವ ಲ್ಯಾಮಿನ್ ಎ/ಸಿ ಪ್ರೋಟೀನ್. ಹಲವು ಸ್ತನ ಕ್ಯಾನ್ಸರುಗಳಲ್ಲಿ ಅದು ಕಡಿಮೆ, ಹಾಗಾಗಿ ಕೋಶಕೇಂದ್ರ ಬೇಗ ಬಳುಕುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಅದು ಹೆಚ್ಚಿದ್ದಾಗ ಆಕ್ರಮಣವೂ ಹೆಚ್ಚಿದ್ದ ವರದಿಗಳಿವೆ. ಡೆನಿಸ್ ಡಿಶರ್ ಅವರ ಪ್ರಯೋಗಾಲಯ 2014ರಲ್ಲಿ ಲ್ಯಾಮಿನ್ನನ್ನು ಹಂತಹಂತವಾಗಿ ಇಳಿಸಿ ನೋಡಿತು. ತುಸು ಇಳಿಸಿದಾಗ ಕೋಶಗಳು ರಂಧ್ರ ದಾಟುವುದು ಚುರುಕಾಯಿತು, ತೀರಾ ಇಳಿಸಿದಾಗ ದಾಟಿದ ಕೋಶಗಳು ಸತ್ತವು. ಕೋಶಕೇಂದ್ರಗಳ ಯಾಂತ್ರಿಕ ಗುಣದ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಿ.ವಿ. ಶಿವಶಂಕರ್ 2000ದ ದಶಕದಿಂದಲೇ ಕೆಲಸ ಮಾಡಿದ್ದರು.

ದಾಟುವಾಗ ಏನಾಗುತ್ತದೆಂಬುದನ್ನು ಯಾನ್ ಲಾಮರ್ಡಿಂಗ್ ಮತ್ತು ಮ್ಯಾಥ್ಯೂ ಪಿಯೆಲ್ ಅವರ ಎರಡು ತಂಡಗಳು 2016ರಲ್ಲಿ ಏಕಕಾಲಕ್ಕೆ ವರದಿ ಮಾಡಿದವು. ಒತ್ತಡಕ್ಕೆ ಕೋಶಕೇಂದ್ರದ ಪೊರೆ ಬಿರಿಯುತ್ತದೆ. ಒಳಗಿರಬೇಕಾದ ಪ್ರೋಟೀನ್‌ಗಳು ಹೊರಗೆ ಸೋರುತ್ತವೆ, ಡಿಎನ್‌ಎ ತುಂಡಾಗುತ್ತದೆ. ಎಸ್ಕಾರ್ಟ್ ಎಂಬ ಪ್ರೋಟೀನ್ ತಂಡ ಬಂದು ಬಿರುಕು ಮುಚ್ಚುತ್ತದೆ, ಕೋಶ ಬದುಕಿಕೊಳ್ಳುತ್ತದೆ. ಪ್ರತಿ ಬಿಗಿ ಸಂದನ್ನು ದಾಟಿದಾಗಲೂ ಜೀನ್‌ಗಳಲ್ಲಿ ಹೊಸ ಗಾಯ ಬೀಳುವ ಸಾಧ್ಯತೆಯಿದೆ ಎಂಬುದು ಇದರ ಅರ್ಥ. ಗಡ್ಡೆಯ ಹೊರಗೆ ಅಲೆದಾಡುವುದೇ ಕೋಶವನ್ನು ಇನ್ನಷ್ಟು ವಿಕೃತಗೊಳಿಸಬಲ್ಲುದು. ಈ ಕ್ಷೇತ್ರದ ಶೋಧಗಳಲ್ಲಿ ಇದಕ್ಕಿಂತ ಕಳವಳ ಹುಟ್ಟಿಸುವುದು ಇನ್ನೊಂದಿಲ್ಲ.

ಗುಂಪಾಗಿ ಸಾಗುವ ಕೋಶಗಳಲ್ಲಿ ಭೌತಶಾಸ್ತ್ರಜ್ಞರು ಕಂಡದ್ದು ಬೇರೆ. ಒತ್ತೊತ್ತಾಗಿ ಕಿಕ್ಕಿರಿದು ಅಲುಗಾಡದೆ ಕೂತ ಹೊದಿಕೆ ಅಂಗಾಂಶ, ಕೋಶಗಳು ತುಸು ಉದ್ದವಾದೊಡನೆ ದ್ರವದಂತೆ ಹರಿಯತೊಡಗುತ್ತದೆ. ಮಿಲಾನಿನ ಜಾರ್ಜೊ ಶೀಟಾ ಅವರ ತಂಡ ರಾಬ್5ಎ ಎಂಬ ಒಂದೇ ಪ್ರೋಟೀನನ್ನು ಏರಿಸಿ ಇಂಥ ಬದಲಾವಣೆ ತಂದಿತು. ಲೈಪ್ಜಿಗ್‌ನ ಕೆಸ್ ತಂಡ ಸ್ತನ ಮತ್ತು ಗರ್ಭಕೊರಳಿನ ಗಡ್ಡೆಗಳಲ್ಲಿ, ಉದ್ದುದ್ದ ಕೋಶ ಮತ್ತು ಕೋಶಕೇಂದ್ರಗಳಿರುವ ಭಾಗಗಳೇ ಹೆಚ್ಚು ಹರಿಯುತ್ತವೆಂದು 2021ರಲ್ಲಿ ಗುರುತಿಸಿತು.

ರಕ್ತದಲ್ಲಿ

ರಕ್ತನಾಳ ಸೇರಿದ ಕೋಶಕ್ಕೆ ಬೇರೆಯೇ ಪರೀಕ್ಷೆ. ಹರಿವಿನ ಉಜ್ಜುವಿಕೆ, 5ರಿಂದ 10 ಮೈಕ್ರೊಮೀಟರ್ ಅಗಲದ ಲೋಮನಾಳಗಳು, ಕಾದು ಕೂತ ರೋಗನಿರೋಧಕ ಕೋಶಗಳು. ಕೋಶಗುಚ್ಛಗಳು ಇಷ್ಟು ಸಣ್ಣ ನಾಳದಲ್ಲಿ ಹೋಗಲಾರವೆಂದು ಹಿಂದೆ ನಂಬಿದ್ದರು. ಬಾಸ್ಟನ್ನಿನ ಮೆಹ್ಮೆತ್ ಟೋನರ್ ಅವರ ತಂಡ 2016ರಲ್ಲಿ, 20 ಕೋಶಗಳವರೆಗಿನ ಗುಚ್ಛಗಳು ಒಂದರ ಹಿಂದೊಂದು ಸಾಲಾಗಿ ನುಸುಳಿ, ಆಚೆಗೆ ಮತ್ತೆ ಗುಚ್ಛವಾಗುವುದನ್ನು ತೋರಿಸಿತು. ಕೋಶದ ಸುತ್ತಲಿನ ದ್ರವ ದಪ್ಪವಾದರೆ ಚಲನೆ ನಿಧಾನವಾಗಬೇಕೆಂದು ಯಾರಿಗಾದರೂ ತೋರುತ್ತದೆ. 2022ರ ಪ್ರಯೋಗಗಳಲ್ಲಿ ಅದಕ್ಕೆ ವಿರುದ್ಧವಾಗಿ ಕ್ಯಾನ್ಸರ್ ಕೋಶಗಳು ಸ್ನಿಗ್ಧ ದ್ರವದಲ್ಲಿ ಇನ್ನೂ ವೇಗವಾಗಿ ಚಲಿಸಿದವು.

ರೋಗನಿರೋಧಕ ಟಿ-ಕೋಶಗಳು ಗುರಿಯನ್ನು ಕೊಲ್ಲುವಾಗ ಅದನ್ನು ಒತ್ತಿ ಎಳೆದು, ಬಿಗಿಯಾದ ಪೊರೆಯಲ್ಲಿ ಪರ್ಫೊರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆಯುತ್ತವೆ. ಮೆದು ಕೋಶದ ಪೊರೆ ಸಡಿಲವಾಗಿರುವುದರಿಂದ ತೂತು ಸುಲಭವಾಗಿ ಬೀಳುವುದಿಲ್ಲ. ಹೀಗಾಗಿ ಮೆದುತನ ನುಸುಳುವುದಕ್ಕಷ್ಟೇ ಅಲ್ಲ, ಕೊಲೆಗಾರ ಕೋಶಗಳಿಂದ ತಪ್ಪಿಸಿಕೊಳ್ಳುವುದಕ್ಕೂ ಒದಗುತ್ತದೆ. ಹೊಸ ಅಂಗದಲ್ಲಿ ನೆಲೆಯೂರುವಾಗ ಕೋಶ ಅಂಟಿ ಹರಡಿಕೊಳ್ಳಬೇಕು, ಆಗ ಅದರ ಬಿಗಿ ಏರುತ್ತದೆ. ಆ ಗಳಿಗೆಯಲ್ಲಿ ಅದು ಟಿ-ಕೋಶಗಳಿಗೆ ಸುಲಭದ ತುತ್ತಾಗುತ್ತದೆಂದು 2021ರ ಒಂದು ಅಧ್ಯಯನ ಇಲಿಗಳಲ್ಲಿ ತೋರಿಸಿತು.

ಅಳತೆಯ ತೊಡಕು ಮತ್ತು ಚಿಕಿತ್ಸೆ

ಇಷ್ಟೆಲ್ಲ ತಿಳಿದ ಮೇಲೂ ಗಡಸುತನದ ಪರೀಕ್ಷೆ ಆಸ್ಪತ್ರೆಗಳ ದಿನನಿತ್ಯದ ಕೆಲಸವಾಗಿಲ್ಲ. ಒಂದೇ ಜಾತಿಯ ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳನ್ನು ಬೇರೆಬೇರೆ ಪ್ರಯೋಗಾಲಯಗಳು ಬೇರೆಬೇರೆ ವಿಧಾನಗಳಲ್ಲಿ ಅಳೆದು 2018ರಲ್ಲಿ ಫಲಿತಾಂಶಗಳನ್ನು ಒಟ್ಟಿಗಿಟ್ಟಾಗ, ಗಡಸುತನದ ಅಂಕಿಗಳಲ್ಲಿ 1,000 ಪಟ್ಟಿನವರೆಗೂ ಅಂತರ ಬಂತು. ಮೊನೆಯ ಆಕಾರ, ಒತ್ತುವ ವೇಗ, ಕೋಶದ ಯಾವ ಜಾಗ ಒತ್ತಿದ್ದು, ಕೋಶ ಯಾವುದರ ಮೇಲೆ ಕೂತಿತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 2012ರಲ್ಲಿ ಹಿಡಿದ ದಾರಿ ಹೆಚ್ಚು ನಂಬಿಕೆಗೆ ಅರ್ಹ. ಅವರು ಸ್ತನದ ಬಯಾಪ್ಸಿ ತುಣುಕನ್ನು ಇಡಿಯಾಗಿ, ಒಂದು ತುದಿಯಿಂದ ಇನ್ನೊಂದಕ್ಕೆ ಸಾವಿರಾರು ಕಡೆ ಒತ್ತಿ ನಕ್ಷೆ ತೆಗೆದರು. ಆರೋಗ್ಯವಂತ ಮತ್ತು ನಿರುಪದ್ರವಿ ತುಣುಕುಗಳಲ್ಲಿ ಗಡಸುತನ ಎಲ್ಲೆಡೆ ಏಕರೂಪ. ಕ್ಯಾನ್ಸರ್ ತುಣುಕಿನಲ್ಲಿ ತೀರಾ ಮೆದು ಮತ್ತು ತೀರಾ ಗಟ್ಟಿ ಜಾಗಗಳು ಒಟ್ಟೊಟ್ಟಿಗೆ.

ಚಿಕಿತ್ಸೆಯ ಪ್ರಯತ್ನಗಳಲ್ಲಿ ಸೋಲುಗಳೇ ಹೆಚ್ಚು. ಲೈಸಿಲ್ ಆಕ್ಸಿಡೇಸ್ ಕುಟುಂಬದ ಕಿಣ್ವವೊಂದನ್ನು ತಡೆಯುವ ಸಿಮ್ಟುಝುಮಾಬ್ ಮೇದೋಜೀರಕ ಗ್ರಂಥಿ ಮತ್ತು ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಪ್ರಯೋಜನ ತರಲಿಲ್ಲ. ಗಡ್ಡೆಯ ಹಯಲುರೋನಿಕ್ ಆಮ್ಲವನ್ನು ಕರಗಿಸುವ ಕಿಣ್ವ ಚಿಕಿತ್ಸೆಯೂ ದೊಡ್ಡ ಪ್ರಯೋಗದಲ್ಲಿ ಸೋತಿತು. ರಕ್ತದೊತ್ತಡಕ್ಕೆ ಕೊಡುವ ಹಳೆಯ, ಅಗ್ಗದ ಮಾತ್ರೆ ಲೊಸಾರ್ಟನ್ ಕೊಲಾಜೆನ್ ತಯಾರಿಯನ್ನು ತಗ್ಗಿಸಿ, ಹಿಸುಕಿಹೋದ ರಕ್ತನಾಳಗಳನ್ನು ತೆರೆಯುತ್ತದೆಂದು ರಾಕೇಶ್ ಜೈನ್ ಅವರ ಬಾಸ್ಟನ್ ತಂಡ ಇಲಿಗಳಲ್ಲಿ ತೋರಿಸಿತ್ತು. ಶಸ್ತ್ರಕ್ರಿಯೆಗೆ ನಿಲುಕದಷ್ಟು ಬೆಳೆದ ಮೇದೋಜೀರಕ ಕ್ಯಾನ್ಸರಿದ್ದ 49 ಮಂದಿಗೆ ಕೀಮೋಥೆರಪಿ ಮತ್ತು ವಿಕಿರಣದೊಂದಿಗೆ ಅದನ್ನು ಕೊಟ್ಟಾಗ 34 ಮಂದಿಯ ಗಡ್ಡೆಯನ್ನು ಅಂಚಿನಲ್ಲಿ ಕ್ಯಾನ್ಸರ್ ಉಳಿಯದಂತೆ ತೆಗೆಯಲು ಸಾಧ್ಯವಾಯಿತೆಂದು 2019ರಲ್ಲಿ ಪ್ರಕಟವಾಯಿತು. ಹೋಲಿಕೆಯ ಗುಂಪಿಲ್ಲದ ಪ್ರಯೋಗವಾದ್ದರಿಂದ ಅದರಲ್ಲಿ ಲೊಸಾರ್ಟನ್ನಿನ ಪಾಲೆಷ್ಟೆಂದು ಹೇಳಲಾಗದು.

ಇನ್ನೊಂದು ದಾರಿ ಜಾಲವನ್ನು ಬಿಟ್ಟು ಕೋಶವನ್ನೇ ಹಿಡಿಯುತ್ತದೆ. ಕ್ಯಾನ್ಸರ್ ಕೋಶದ ಪೊರೆಯಲ್ಲಿ ಹೆಚ್ಚಾಗಿ ಸೇರಿರುವ ಕೊಲೆಸ್ಟರಾಲನ್ನು ಹೊರತೆಗೆದರೆ ಕೋಶ ಗಡಸಾಗುತ್ತದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಲಿ ಟ್ಯಾಂಗ್ ಅವರ ತಂಡ ಇಲಿಗಳ ಗಡ್ಡೆಯಲ್ಲಿ ಹೀಗೆ ಮಾಡಿ, ಹೊರಗಿನಿಂದ ಕೊಟ್ಟ ಟಿ-ಕೋಶಗಳು ಆ ಗಡ್ಡೆಯನ್ನು ಹೆಚ್ಚು ಸಮರ್ಥವಾಗಿ ಕೊಲ್ಲುವುದನ್ನು 2021ರಲ್ಲಿ ವರದಿ ಮಾಡಿತು. ಕೋಶ ಗಡಸಾದಾಗ ಟಿ-ಕೋಶಗಳ ಎಳೆತಕ್ಕೆ ಹಿಡಿತ ಸಿಗುತ್ತದೆ ಎಂಬುದು ಅವರು ಕೊಟ್ಟ ವಿವರಣೆ.